‘ನಿಮ್ದ ಅಂತ ತಿಳ್ಕೋರಿ’ ಎಂದು ಬರೆದು ಕೆಟ್ಟೆ

ಗೋಕಾಕ ಫಾಲ್ಸ್ ಎಂಬ ನಮ್ಮ ಊರಿನಲ್ಲಿ ನಮ್ಮ ಅತ್ತೆಯ ಕೈಯಿಂದ ನೀರು ಹಾಕಿಸಿಕೊಳ್ಳದ ಕೂಸುಗಳು ಕಡಿಮೆ. ಯಾರ ಮನೆಯಲ್ಲಿ ಹೆರಿಗೆಯಾದರೂ ಎಣ್ಣೆ ತಿಕ್ಕಿ ಎರೆಯಲು ಅವರೇ ಬೇಕು. ಅಂಗಡಿಯ ಬಾಟಲಿ ಎಣ್ಣೆ ಅವರಿಗೆ ಆಗದು. ಗಾಣದ ಕೊಬ್ಬರಿ ಎಣ್ಣೆಯೇ ಆಗಬೇಕು, ಅದೂ ಬೆಚ್ಚಗಿರಬೇಕು. ನನ್ನ ಮಗಳಿಗೆ ಅವರು ಎರೆಯುವುದನ್ನು ಫೋನಿನಲ್ಲಿ ಹಿಡಿದು ನನ್ನ ಚಾನೆಲ್ಲಿಗೆ ಹಾಕಿದ್ದೆ. ಜಾಹೀರಾತು ಬರಬಾರದೆಂದು ಮೊದಲೇ ಆಫ್ ಮಾಡಿಟ್ಟಿದ್ದೆ.

ಮೂಡಲಗಿಯಲ್ಲಿ ದೊಡ್ಡ ಪೇಜ್ ನಡೆಸುವ ಒಬ್ಬಾತ ಮೆಸೇಜ್ ಮಾಡಿದ: ಅಕ್ಕಾರ, ನಿಮ್ಮ ವಿಡಿಯೊ ನಮ್ಮ ಪೇಜಿಗೆ ಹಾಕ್ಕೋಲೇನ್ರಿ? ಇಷ್ಟು ಮರ್ಯಾದೆಯಿಂದ ಕೇಳುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಆದರೂ ನಮ್ಮ ಕಡೆ, ಹಗ್ಗ ಕೇಳಲಿ ಹಂಡೆ ಕೇಳಲಿ, ಕೇಳಿದವರಿಗೆ ಹೇಳುವ ಮಾತೊಂದಿದೆಯಲ್ಲ, ಅದನ್ನೇ ಬರೆದುಬಿಟ್ಟೆ: ‘ನಿಮ್ದ ಅಂತ ತಿಳ್ಕೋರಿ.’ ಹಂಡೆ ಒಯ್ದವರು ಮರುದಿನ ತೊಳೆದು ತಂದಿಡುತ್ತಾರೆ. ಈ ಪುಣ್ಯಾತ್ಮ ತನ್ನದೆಂದೇ ತಿಳಿದ.

ಕೆಲವು ವಾರಗಳ ಮೇಲೆ ಹುಕ್ಕೇರಿಯಿಂದ ಒಬ್ಬ ಬಾಣಂತಿ ತನ್ನ ತಾಯಿಯ ಜೊತೆ ಬಸ್ಸಿನಲ್ಲಿ ಬಂದಳು. ಕೂಸಿನ ಬೆನ್ನ ತುಂಬ ಕೆಂಪು ಗುಳ್ಳೆ. ಚೀಲದಿಂದ ಒಂದು ಹಸಿರು ಬಾಟಲಿ ತೆಗೆದು ಅತ್ತೆಯ ಮುಂದಿಟ್ಟಳು.

‘ನೀವ ಹೇಳೀರೆಲ್ರಿ ಆಯಿ, ಇದನ್ನ ಹಚ್ಚರಿ ಅಂತ.’

ಅವಳ ಫೋನಿನಲ್ಲೇ ಆ ಪೇಜ್ ತೆರೆದು ನೋಡಿದೆವು. ಗಾಣದೆಣ್ಣೆಯನ್ನು ಅಂಗೈಗೆ ಸುರಿದುಕೊಳ್ಳುತ್ತ, ಈ ಎಣ್ಣೆ ಬಿಟ್ಟು ಬೇರೆ ಹಚ್ಚಬೇಡಿ ಎಂದು ಅತ್ತೆ ಹೇಳುತ್ತಾರೆ. ಆ ಮಾತು ಮುಗಿಯುತ್ತಲೇ ಹಸಿರು ಬಾಟಲಿಯ ಜಾಹೀರಾತು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ನಿಂತು ಅವನಿಗೆ ಫೋನ್ ಹಚ್ಚಿದೆ. ಜಾಹೀರಾತು ತಾನಾಗಿಯೇ ಬರುತ್ತದೆ, ತನ್ನ ಕೈಯಲ್ಲಿಲ್ಲ ಅಂದ. ತಾನಾಗಿ ಬರುವ ಜಾಹೀರಾತಿಗೆ ಎಣ್ಣೆಯ ಮಾತು ಎಲ್ಲಿ ಮುಗಿಯುತ್ತದೆಂದು ಹೇಗೆ ಗೊತ್ತಾಗಬೇಕು? ನನ್ನ ಕಿವಿಗೆ ಹೂವಿಡಲು ನೋಡಿದ. ವಿಡಿಯೊ ತೆಗೆಯಪ್ಪಾ ಎಂದದ್ದಕ್ಕೆ, ನಾನು ಬರೆದ ಮೆಸೇಜಿನ ಫೋಟೊ ನನಗೇ ಕಳಿಸಿದ.

ಅತ್ತೆ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರು. ಬಾಣಂತಿಯ ತಾಯಿ ಕೊಡಲಿಲ್ಲ. ದವಾಖಾನೆಗೆ ತೋರಿಸುತ್ತೇವೆ ಅಂತ ಕೂಸಿಗೆ ಸೆರಗು ಹೊದಿಸಿ ಹೊರಟೇಬಿಟ್ಟಳು. ಇಷ್ಟು ವರ್ಷಗಳಲ್ಲಿ ಅತ್ತೆಯ ಕೈಗೆ ಕೂಸು ಕೊಡಲು ಯಾರೂ ಹಿಂದೆಮುಂದೆ ನೋಡಿರಲಿಲ್ಲ. ಅವರ ಕೈ ಇನ್ನೂ ಚಾಚಿದಂತೆಯೇ ಇತ್ತು. ನನಗೆ ನೆಲ ನೋಡುವುದೊಂದೇ ದಾರಿಯಾಯಿತು.

ಆಮೇಲೆ ಅವರು ನನ್ನನ್ನು ಕೇಳಿದರು.

‘ಖರೆ ಹೇಳು. ಅಂವ ನಿನಗ ಏನ ಕೊಟ್ಟಾನ?’

ಏನೂ ಇಲ್ಲವೆಂದೆ. ನಂಬಿದ ಹಾಗೆ ಕಾಣಲಿಲ್ಲ. ತೊಟ್ಟಿಲಿನಿಂದ ಮಗಳನ್ನು ಎತ್ತಿಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಯಾರಾದರೂ ಕೂಸಿನ ಆಣೆ ಹಾಕಲು ಹೋದರೆ ಓಡಿಬಂದು ಬಾಯಿ ಮುಚ್ಚುವವರು ನಮ್ಮ ಅತ್ತೆ. ಅವತ್ತು ಮುಚ್ಚಲಿಲ್ಲ. ನಾನು ಪೂರ್ತಿ ಹೇಳಿ ಮುಗಿಸುವತನಕ ಕಾದರು.