ಎಂಟು ಜನರ ಒಂಬತ್ತು ಮತಗಳು

ಸ್ನೇಹಿತರೇ, ಪುಣೆಯ ನಮ್ಮ ಕನ್ನಡ ಬಳಗದ ಇಂದಿನ ಚುನಾವಣೆಗೆ ಒಂಬತ್ತು ಜನ ಬಂದಿದ್ದರೆಂದು ಕಾರ್ಯದರ್ಶಿ ಶ್ರೀ ದೇಸಾಯಿಯವರು ಮಧ್ಯಾಹ್ನ ಈ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿರುವುದು ತಪ್ಪು. ಬಂದವರು ಎಂಟೇ ಜನ. ಅಧ್ಯಕ್ಷ ಸ್ಥಾನಕ್ಕೆ ಸುಶೀಲಾಬಾಯಿಯವರಿಗೆ ಐದು, ನನಗೆ ನಾಲ್ಕು ಮತಗಳೆಂದು ದೇಸಾಯಿಯವರ ಲ್ಯಾಪ್‌ಟಾಪ್ ಘೋಷಿಸಿತು.

ಹೆಚ್ಚಾದ ಆ ಒಂದು ಮತ ಯಾರದೆಂದು ದೇಸಾಯಿಯವರನ್ನು ಕೇಳಿದೆ.

“ಹೆಂಗ ಒತ್ತಬೇಕಂತ ತೋರಸಲಿಕ್ಕೆ ನಾನ ಮೊದಲ ಒಮ್ಮೆ ಒತ್ತಿದ್ದೆ ರೀ ಬಾಯಾರ. ಸುಶೀಲಾಬಾಯಾರ ಹೆಸರು ಮ್ಯಾಲಿತ್ತು, ಅದನ್ನ ಒತ್ತಿದೆ.”

“ಆಮ್ಯಾಲೆ ಅದನ್ನ ಅಳಿಸಿದ್ರೇನು?”

“ಪ್ರೋಗ್ರಾಮೇ ಅಳಸತದ ರೀ. ಓಪನ್ ಸೋರ್ಸ್ ಅದ. ಒಳಗ ಏನು ಬರದಾರ ಅಂತ ಯಾರ್ ಬೇಕಾದ್ರೂ ಓದಬಹುದು. ವಿಶ್ವಾಸ ಇಡ್ರಿ.”

“ನೀವು ಓದೀರೇನು?”

“ಯಾರ್ ಬೇಕಾದ್ರೂ ಓದಬಹುದಲ್ರಿ, ಹಂಗಂತ ನಾ ಓದಲಿಲ್ಲ.”

ಅಷ್ಟರಲ್ಲಿ ಸುಶೀಲಾಬಾಯಿಯವರು ಹಾರ ಹಾಕಿಸಿಕೊಂಡಾಗಿತ್ತು.

ಕೈ ಎತ್ತುವ ಪದ್ಧತಿಯಲ್ಲಿ ಮರುಮತದಾನ ನಡೆಯಬೇಕೆಂದು ಲಿಖಿತವಾಗಿ ಕೋರಿದ್ದೇನೆ. ಒಂಬತ್ತನೆಯವರ ಹೆಸರನ್ನು ಶ್ರೀ ದೇಸಾಯಿಯವರು ಇದರ ಕೆಳಗೆ ಬರೆಯಬಹುದು. ನನ್ನ ಕಣ್ಣಿಗೆ ಬಿದ್ದವರು ಇಷ್ಟು: ಶ್ರೀ ದೇಸಾಯಿ, ಸುಶೀಲಾಬಾಯಿ, ಶ್ರೀ ಹಿರೇಮಠ, ಶ್ರೀಮತಿ ಹಿರೇಮಠ, ಶ್ರೀ ಕುಲಕರ್ಣಿ, ವಿಮಲಾಬಾಯಿ ಜೋಶಿ, ಶ್ರೀ ಪಾಟೀಲ ಮತ್ತು ನಾನು.