ಲಕ್ವದ ನಂತರ ಉಳಿದ ಜಪಾನಿ ಹಾಡುಗಳು

ಲಕ್ವ ಹೊಡೆದ ಮೇಲೆ ನನ್ನ ಗಂಡನ ಮಾತು ನಿಂತುಹೋಯಿತು, ಹಾಡು ಉಳಿಯಿತು. ಕನ್ನಡದ ಹಾಡಾಗಿದ್ದರೆ ದೇವರ ದಯೆ ಎಂದುಕೊಳ್ಳುತ್ತಿದ್ದೆ. ಉಳಿದದ್ದು ಜಪಾನಿ ಹಾಡುಗಳು, ಅದೂ ಎಂಬತ್ತರ ದಶಕದ ಪಾಪ್ ಹಾಡುಗಳು.

ಮೈಸೂರಿನಿಂದ ಕ್ವಾಲಾಲಂಪುರಕ್ಕೆ ಬಂದ ಹೊಸದರಲ್ಲಿ ಅವರು ಜಪಾನಿಯರ ಟಿವಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಶುಕ್ರವಾರ ಸಂಜೆ ಮೇಲಧಿಕಾರಿಗಳ ಜೊತೆ ಕರೋಕೆಗೆ ಹೋಗಲೇಬೇಕು, ಮೈಕು ಕೈಗೆ ಬಂದರೆ ಹಾಡಲೇಬೇಕು. ಕ್ಯಾಸೆಟ್ ಹಾಕಿಕೊಂಡು ಮನೆಯಲ್ಲಿ ಉರುಹೊಡೆಯುತ್ತಿದ್ದರು. ಅರ್ಥ ಅವರಿಗೂ ಅಷ್ಟಕ್ಕಷ್ಟೆ. ಊಟ ಆರಿಹೋಗುತ್ತಿದೆ ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ. ಆ ಹಾಡುಗಳನ್ನು ಕಂಡರೆ ನನಗೆ ಆಗುತ್ತಲೇ ಇರಲಿಲ್ಲ.

2018ರ ಹೊತ್ತಿಗೆ ಅವೇ ಹಾಡುಗಳು ಎಲ್ಲರ ಮೊಬೈಲಿನಲ್ಲೂ ಮತ್ತೆ ಎದ್ದು ಕೂತವು. ಮಗಳು ಒಂದು ದಿನ ನಮ್ಮಿಬ್ಬರನ್ನೂ ಇಲ್ಲಿನ ಬಾಂಗ್ಸಾರ್ ಬಡಾವಣೆಯ ಕಾಫಿ ಅಂಗಡಿಯೊಂದಕ್ಕೆ ಕರೆದೊಯ್ದಳು. ಅಲ್ಲಿನ ಸ್ಪೀಕರಿನಲ್ಲಿ ಅಂಥದ್ದೊಂದು ಹಾಡು ಶುರುವಾಯಿತು. 'ನೀರು' ಎನ್ನಲಾಗದೆ ಲೋಟ ತೋರಿಸುತ್ತಿದ್ದ ಮನುಷ್ಯ ತಲೆಯೆತ್ತಿ ಒಂದಕ್ಷರ ತಪ್ಪದೆ ಪೂರ್ತಿ ಹಾಡಿದರು. ಆ ಹಾಡು ಬಂದಾಗ ಹುಟ್ಟಿಯೇ ಇರದ ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು. "ಅಂಕಲ್, ಸೋ ಕೂಲ್ ಲಾ!" ಎಂದಳು ಕಾಫಿ ತಂದ ಹುಡುಗಿ, ಇಲ್ಲಿಯವರ ಇಂಗ್ಲಿಷಿನಲ್ಲಿ. ಇವರು ನಕ್ಕರು. ನನಗೆ ಹೊಟ್ಟೆ ಉರಿದುಹೋಯಿತು.

ಮಾತಿನ ಅಭ್ಯಾಸ ಮಾಡಿಸುತ್ತಿದ್ದ ತಮಿಳು ಡಾಕ್ಟರಮ್ಮನಿಗೆ ಮಗಳು ಇದನ್ನು ಹೇಳಿದಳು. ಆಕೆಗೆ ಖುಷಿಯೋ ಖುಷಿ. ಮಾತು ಹೊರಡದವರಿಗೂ ಹಾಡು ಹೊರಡುವುದುಂಟು, ಆ ರಾಗಕ್ಕೇ ದಿನನಿತ್ಯದ ಒಂದೊಂದು ಮಾತು ಕೂಡಿಸಿ ಹಾಡಿಸಿ, ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇವರು ನಿಮ್ಮನ್ನು ಏನೆಂದು ಕರೆಯುತ್ತಿದ್ದರು, ಅದರಿಂದಲೇ ಶುರುಮಾಡಿ, ಎಂದರು.

ಏನೆಂದೂ ಕರೆಯುತ್ತಿರಲಿಲ್ಲ, ಎಂದೆ. ನಮ್ಮ ಮನೆತನದಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವ ರೂಢಿಯೇ ಇಲ್ಲ. ನಾನು 'ರೀ' ಎನ್ನುತ್ತಿದ್ದೆ. ಅವರು ಅಷ್ಟೂ ಅಂದವರಲ್ಲ. ಗಂಟಲು ಸರಿಮಾಡಿದರೆ ಸಾಕು, ಅಡುಗೆಮನೆಯಿಂದ ನಾನು ಹೊರಗೆ ಬರುತ್ತಿದ್ದೆ. ಅದರಲ್ಲೇ ನನಗೊಂದು ಹೆಮ್ಮೆ ಬೇರೆ.

"ವಾಟೆವರ್, ಅಮ್ಮಾ. ಜಸ್ಟ್ ಯೂಸ್ ಯುವರ್ ನೇಮ್," ಎಂದಳು ಮಗಳು.

ಬೆಳಿಗ್ಗೆ ಬೆಳಿಗ್ಗೆ ಅವರೆದುರು ಕೂತು, ಆ ದರಿದ್ರ ರಾಗಕ್ಕೆ ನನ್ನ ಹೆಸರು ಕೂಡಿಸಿ ಹಾಡಿದೆ. ನಾಚಿಕೆಯಾಗುತ್ತಿತ್ತು. ಅವರು ನನ್ನ ತುಟಿಯನ್ನೇ ನೋಡುತ್ತ ರಾಗ ಹಿಡಿಯುವರು, ಹೆಸರಿನ ಜಾಗ ಬಂದೊಡನೆ ಜಪಾನಿಗೆ ಜಾರುವರು. ಬಾಯಲ್ಲಿ ಎಂದೂ ಆಡದ ಹೆಸರು ಈಗೆಲ್ಲಿಂದ ಬರಬೇಕು? ಮೇಲಧಿಕಾರಿಗಳ ಹಾಡಿಗೆ ಸಿಕ್ಕ ಜಾಗ ನನಗೆ ಸಿಗಲಿಲ್ಲ. ತಿಂಗಳುಗಟ್ಟಲೆ ಹಾಡಿ ಸೋತು, ಕೊನೆಗೆ ಅವರ ಜೊತೆ ನಾನೂ ಜಪಾನಿಯಲ್ಲೇ ಹಾಡತೊಡಗಿದೆ. ಬೈಯುತ್ತ ಬೈಯುತ್ತಲೇ ಅರ್ಧ ನನಗೂ ಬಾಯಿಪಾಠವಾಗಿತ್ತು.

ಒಂದು ದಿನ ಹಾಡು ಮುಗಿದ ಮೇಲೆ ಅವರು ಗಂಟಲು ಸರಿಮಾಡಿದರು. ಹಿಂದಿನಂತೆಯೇ.

"ಇಲ್ಲೇ ಇದ್ದೀನಿ, ರೀ," ಎಂದೆ.

ಅವರು ನನ್ನತ್ತ ನೋಡಲಿಲ್ಲ. ಮುಂದಿನ ಹಾಡು ಎತ್ತಿಕೊಂಡರು.