ಹದಿನೇಳೆಂಟ್ಲಿ ಹೊಟ್ಟೆನೋವು

ಕುಂದಾಪುರದಿಂದ ಬೈಂದೂರಿನವರೆಗೆ ಹೈವೇ ಬದಿಯಲ್ಲಿ ಯಾವ ಹೋಟೆಲಿನ ಹಿಂದೆ ಶೌಚಾಲಯವಿದೆ, ಯಾವುದಕ್ಕೆ ಚಿಲಕವಿಲ್ಲ, ಎಲ್ಲಿ ಬಕೆಟ್ ಇದ್ದರೂ ನೀರಿರುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ನನ್ನ ಹೊಟ್ಟೆಯೇ ಹಾಗೆ, ಚಿಕ್ಕಂದಿನಿಂದಲೂ. (ಊಟ ಮಾಡುತ್ತಾ ಓದುತ್ತಿದ್ದರೆ ಪೇಪರ್ ಮಡಚಿಡಿ. ನನ್ನ ತಕರಾರಿಲ್ಲ.)

ನನ್ನ ಕರ್ಮ ಎಂದು ಸುಮ್ಮನಿದ್ದೆ. ಆದರೆ ಎರಡನೇ ಕ್ಲಾಸಿನ ಮಗಳಿಗೂ ಶುರುವಾಯಿತು ನೋಡಿ, ಆಗ ಎದೆ ಧಸಕ್ಕೆಂದಿತು. ರಾತ್ರಿ ತಟ್ಟೆ ಇಟ್ಟರೆ ಸಾಕು, ಹೊಟ್ಟೆ ಹಿಡಿದುಕೊಳ್ಳುತ್ತಾಳೆ. ಎರಡು ತುತ್ತು ತಿಂದು ಏಳುತ್ತಾಳೆ. ಯೂನಿಫಾರ್ಮಿನ ಸ್ಕರ್ಟ್ ಸೊಂಟದಲ್ಲಿ ನಿಲ್ಲುತ್ತಿಲ್ಲ. ಓಮದ ಕಷಾಯ ಆಯಿತು, ಹುಳದ ಔಷಧಿ ಆಯಿತು. ಅತ್ತೆ ದೃಷ್ಟಿ ತೆಗೆದು ಒಣಮೆಣಸು ಸುಟ್ಟರು. ಅದರ ಘಾಟಿಗೆ ಕೆಮ್ಮಿ ಸತ್ತವಳು ನಾನೊಬ್ಬಳೇ.

ಕೊನೆಗೆ ಬ್ರಹ್ಮಾವರದ ಕಡೆಯ ಒಬ್ಬ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಕ್ಲೀನ್. ಡಾಕ್ಟರು ಕುರ್ಚಿಗೆ ಒರಗಿ ಹೇಳತೊಡಗಿದರು. ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿರುತ್ತವಂತೆ. ಅವಕ್ಕೂ ಮಿದುಳಿಗೂ ಸದಾ ಮಾತುಕತೆಯಂತೆ. ಎಳವೆಯಲ್ಲಿ ಮಕ್ಕಳು ದಿನವೂ ಹೆದರುತ್ತಿದ್ದರೆ ಆ ಸಂಸಾರ ಕೆಡಬಹುದಂತೆ, ದೊಡ್ಡವರಾದ ಮೇಲೂ ಹೊಟ್ಟೆ ಕಾಡಬಹುದಂತೆ. ಎಲ್ಲವೂ ಖಚಿತವಾಗಿಲ್ಲ, ಸಂಶೋಧನೆ ಇನ್ನೂ ನಡೆಯುತ್ತಿದೆ ಎಂದೂ ಸೇರಿಸಿದರು.

ನನಗೆ ಅಷ್ಟು ಸಾಕಿತ್ತು. ಅಪರಾಧಿ ಸಿಕ್ಕಿದ್ದ!

ನನ್ನ ಅಪ್ಪಯ್ಯ ಬೊಂಬಾಯಿಯ ಹೋಟೆಲಿನಲ್ಲಿದ್ದವರು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಕೆರಾಡಿಯ ಮನೆಗೆ ಬರುತ್ತಿದ್ದರು. ಬಂದಷ್ಟು ದಿನ ಬಡಿಸುವ ಸಟ್ಟುಗ ಅವರ ಕೈಯಲ್ಲಿ. ಮೊದಲ ಸಲದ ಅನ್ನ ಫ್ರೀ. ಎರಡನೇ ಸಲಕ್ಕೆ ಸಟ್ಟುಗ ಗಾಳಿಯಲ್ಲೇ ನಿಲ್ಲುತ್ತಿತ್ತು. 'ಹದಿನೇಳೆಂಟ್ಲಿ ಎಷ್ಟ್?' ಉತ್ತರ ತಪ್ಪಿದರೆ ನನ್ನ ಪಾಲಿನ ಬಂಗುಡೆ ಮೀನು ಅಣ್ಣನ ತಟ್ಟೆಗೆ. ಅಣ್ಣನಿಗೆ ಈಗಲೂ ಕಲ್ಲು ತಿಂದರೂ ಜೀರ್ಣವಾಗುತ್ತದೆ, ಬಿಡಿ.

ಇದನ್ನೆಲ್ಲ ಡಾಕ್ಟರ ಮುಂದೆ ಕೈಕಾಲು ಆಡಿಸಿ ವರ್ಣಿಸಿದೆ. ಅವರು ಪೂರ್ತಿ ಕೇಳಿ, ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. ನಿನ್ನನ್ನೂ ಯಾರಾದರೂ ಮಗ್ಗಿ ಕೇಳುತ್ತಾರಾ ಪುಟ್ಟಿ ಎಂದರು.

"ಮಗ್ಗಿ ಅಲ್ಲ. ಊಟಕ್ ಕೂಕಂಡ ಕೂಡ್ಲೆ ಸ್ಪೆಲ್ಲಿಂಗ್ ಕೇಂಬುದ್. ಅಮ್ಮನೇ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನಾನು ಗೋಡೆಯ ಮೇಲಿದ್ದ ಕರುಳಿನ ಚಿತ್ರ ನೋಡತೊಡಗಿದೆ. ಏನು ಹೇಳಲಿ? ನಾನು ಅಪ್ಪಯ್ಯನಂತೆ ಹಳೇ ಕಾಲದವಳಲ್ಲ ಎಂದೇ? ನಾನು ಕೇಳುವುದು ಇಂಗ್ಲಿಷಿನಲ್ಲಿ ಎಂದೇ?

ಬಸ್ ಸ್ಟ್ಯಾಂಡಿನಿಂದಲೇ ಅಪ್ಪಯ್ಯನಿಗೆ ಫೋನ್ ಮಾಡಿ ರೇಗಿದೆ. (ಅವಮಾನವಾದರೆ ಯಾರ ಮೇಲಾದರೂ ಹರಿಹಾಯಬೇಕಲ್ಲ?) ನನ್ನ ಹೊಟ್ಟೆ ಹಾಳು ಮಾಡಿದ್ದು ನೀವೇ ಎಂದೆ. ನಿನ್ನ ಹೊಟ್ಟೆಗೆ ಹಾಕಿದ್ದೂ ನಾನೇ ಎಂದು ಅವರು ತಿರುಗಿಸಿ ಕೊಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ವರ್ಷಕ್ಕೊಂದ್ ಸಲ ಬಪ್ಪದ್ ಮಗಾ. ಮಕ್ಕಳತ್ರ ಎಂತ ಮಾತಾಡುದಂದೇ ಗೊತ್ತಾತಿರ್ಲಿಲ್ಲ. ಮಗ್ಗಿ ಒಂದ್ ಗೊತ್ತಿತ್ತ್, ಕೇಂತಿದ್ದೆ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಪಾಪ ಅನ್ನಿಸಿತು.

ಅಂದು ರಾತ್ರಿ ಊಟಕ್ಕೆ ಕೂತು ಸ್ಪೆಲ್ಲಿಂಗ್ ಕೇಳಲಿಲ್ಲ. ಸರಿ, ಬೇರೇನು ಕೇಳಲಿ? ಯೋಚಿಸಿದೆ. ಹೋಮ್‌ವರ್ಕ್? ಅದೂ ಪರೀಕ್ಷೆಯೇ. ಟೆಸ್ಟ್ ಯಾವಾಗ? ಬೇಡ. ಹೆತ್ತ ಮಗಳ ಹತ್ತಿರ ಮಾತಾಡಲು ಒಂದು ವಿಷಯವಿಲ್ಲ ನನಗೆ! ವರ್ಷಪೂರ್ತಿ ಮನೆಯಲ್ಲೇ ಇರುವವಳು ಬೇರೆ. ಕೊನೆಗೆ ಬೇರೆ ದಾರಿ ಕಾಣದೆ ಹೈವೇ ಬದಿಯ ಚಿಲಕವಿಲ್ಲದ ಶೌಚಾಲಯದಲ್ಲಿ ನಾನು ಒಂದು ಕೈಯಲ್ಲಿ ಬಾಗಿಲು ಹಿಡಿದು ಕೂತ ಕಥೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ತಟ್ಟೆ ಖಾಲಿ ಮಾಡಿದಳು. ಇನ್ನೊಮ್ಮೆ ಅನ್ನ ಕೇಳಿ ಹಾಕಿಸಿಕೊಂಡಳು.

ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅವಳು ಸಟ್ಟುಗ ಎತ್ತಿಕೊಂಡು, ನನ್ನ ತಟ್ಟೆಯ ಮೇಲೆ ಹಿಡಿದು, ಥೇಟ್ ಅಜ್ಜಯ್ಯನ ಗತ್ತಿನಲ್ಲಿ ಕೇಳಿದಳು: "ಹದಿನೇಳೆಂಟ್ಲಿ ಎಷ್ಟ್?"

ನಿಮಗೆ ಉತ್ತರ ಗೊತ್ತಿದ್ದರೆ ದಯವಿಟ್ಟು ಈಗಲೇ ಹೇಳಬೇಡಿ, ನನ್ನ ಊಟ ಇನ್ನೂ ಮುಗಿದಿಲ್ಲ.